ವಿಯೆನ್ನಾದ ಹೆರಿಗೆ ಆಸ್ಪತ್ರೆ

ರೋಗಿಯು ಆಸ್ಪತ್ರೆಯ ಬಾಗಿಲಿಗೆ ಬರುವುದು ನಂಬಿಕೆಯಿಂದ. ತನ್ನ ಪ್ರಾಣವನ್ನು ಅಪರಿಚಿತರ ಕೈಗೆ ಒಪ್ಪಿಸುವಾಗ ಆ ನಂಬಿಕೆಯ ಹೊರತು ಅವನಿಗೆ ಬೇರೆ ಆಧಾರವಿರುವುದಿಲ್ಲ. ಹಣವುಳ್ಳವರು ವೈದ್ಯರನ್ನು ಆರಿಸಿಕೊಳ್ಳಬಲ್ಲರು. ಬಡವರಿಗೆ ಸಾರ್ವಜನಿಕ ಆಸ್ಪತ್ರೆಯೇ ಗತಿ. ಅಂಥ ಆಸ್ಪತ್ರೆಯು ಕೆಟ್ಟುಹೋದರೆ ಅದರ ಫಲವನ್ನು ಉಣ್ಣಬೇಕಾದವರು ಮೊದಲು ಬಡವರೇ. ಆದರೆ ಆಸ್ಪತ್ರೆಯು ಕೆಡುವುದು ಯಾವಾಗಲೂ ಸೋಮಾರಿತನದಿಂದಲೇ ಅಥವಾ ಹಣದ ಕೊರತೆಯಿಂದಲೇ ಅಲ್ಲ. ಒಳ್ಳೆಯ ವಿದ್ಯೆ, ಒಳ್ಳೆಯ ಉದ್ದೇಶ, ಹಗಲಿರುಳಿನ ದುಡಿಮೆ ಇವೆಲ್ಲ ಇದ್ದರೂ ಆಸ್ಪತ್ರೆಯೊಂದು ಸಾವಿನ ಮನೆಯಾಗಬಲ್ಲದು. ಆಸ್ಟ್ರಿಯಾ ದೇಶದ ರಾಜಧಾನಿಯಾದ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯ ಕಥೆ ಇದಕ್ಕೆ ನಿದರ್ಶನ.

ಎರಡನೆಯ ಜೋಸೆಫ್ ಚಕ್ರವರ್ತಿಯು 1784ರಲ್ಲಿ ವಿಯೆನ್ನಾದಲ್ಲಿ ಒಂದು ದೊಡ್ಡ ಸಾರ್ವಜನಿಕ ಆಸ್ಪತ್ರೆಯನ್ನು ತೆರೆದನು. ಅದರೊಡನೆ ಒಂದು ಹೆರಿಗೆ ಆಸ್ಪತ್ರೆಯೂ ಆರಂಭವಾಯಿತು. ಬಡ ಹೆಂಗಸರು, ಗಂಡನಿಂದ ದೂರವಾದವರು, ಮದುವೆಯಾಗದೆ ಬಸಿರಾಗಿ ಊರವರ ನಿಂದೆಗೆ ಗುರಿಯಾದವರು ಇಲ್ಲಿಗೆ ಬಂದು ಹೆರಬಹುದಾಗಿತ್ತು. ಅವರಿಗೆ ಚಿಕಿತ್ಸೆ ಉಚಿತ. ಸಾಕಲಾರದ ತಾಯಂದಿರ ಕೂಸುಗಳನ್ನು ಅನಾಥಾಲಯವು ಸ್ವೀಕರಿಸುತ್ತಿತ್ತು. ಅದಕ್ಕೆ ಪ್ರತಿಯಾಗಿ ಆ ಹೆಂಗಸರು ವಿದ್ಯಾರ್ಥಿಗಳ ಕಲಿಕೆಗೆ ತಮ್ಮನ್ನು ಪರೀಕ್ಷೆಗೆ ಒಪ್ಪಿಸಬೇಕಾಗಿತ್ತು.

ಮೊದಲ ಮೂರು ನಾಲ್ಕು ದಶಕಗಳ ಕಾಲ ಈ ಆಸ್ಪತ್ರೆಯು ಹೆಸರುವಾಸಿಯಾಗಿ ನಡೆಯಿತು. ಅದರ ಮುಖ್ಯಸ್ಥನಾಗಿದ್ದ ಬೋಯರ್ ಎಂಬ ವೈದ್ಯನು ಹೆರಿಗೆಯನ್ನು ಪ್ರಕೃತಿಯ ಕೆಲಸವೆಂದು ತಿಳಿದು, ಅಗತ್ಯವಿಲ್ಲದೆ ಆಯುಧಗಳನ್ನು ಬಳಸದೆ, ತಾಳ್ಮೆಯಿಂದ ಕಾಯುವುದನ್ನು ಕಲಿಸಿದನು. ವಿದ್ಯಾರ್ಥಿಗಳಿಗೆ ಅವನು ಹೆರಿಗೆಯ ಕ್ರಮವನ್ನು ಶವಗಳ ಮೇಲೆ ತೋರಿಸದೆ ಬೊಂಬೆಯ ಮೇಲೆ ತೋರಿಸುತ್ತಿದ್ದನು. 1784ರಿಂದ 1822ರವರೆಗೆ ಅಲ್ಲಿ 71,395 ಹೆರಿಗೆಗಳಾದವು. ಸತ್ತ ತಾಯಂದಿರು 897 ಮಂದಿ. ಎಂದರೆ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ಆ ಕಾಲಕ್ಕೆ ಇದು ಸಣ್ಣ ಸಾಧನೆಯಲ್ಲ.

ಬೋಯರನು 1822ರಲ್ಲಿ ಹುದ್ದೆಯನ್ನು ಬಿಡಬೇಕಾಯಿತು. ಅವನ ಸ್ಥಾನಕ್ಕೆ ಯೋಹಾನ್ ಕ್ಲೈನ್ ಎಂಬವನು ಬಂದನು. ಬೋಯರನ ಕಡೆಯ ವರ್ಷವಾದ 1822ರಲ್ಲಿ 3,066 ಹೆರಿಗೆಗಳಲ್ಲಿ 26 ತಾಯಂದಿರು ಸತ್ತಿದ್ದರು. ಮರುವರ್ಷ 2,872 ಹೆರಿಗೆಗಳಲ್ಲಿ 214 ತಾಯಂದಿರು ಸತ್ತರು. ಕಟ್ಟಡ ಅದೇ, ಬರುವ ಹೆಂಗಸರೂ ಅದೇ ಬಗೆಯವರು. ಬದಲಾದುದು ಕಲಿಸುವ ಕ್ರಮ. ವಿಯೆನ್ನಾದ ವೈದ್ಯರು ಆಗ ಒಂದು ಹೊಸ ಶಾಸ್ತ್ರವನ್ನು ಉತ್ಸಾಹದಿಂದ ಬೆಳೆಸುತ್ತಿದ್ದರು. ಸತ್ತ ರೋಗಿಯ ದೇಹವನ್ನು ಕೊಯ್ದು, ರೋಗವು ಒಳಗೆ ಮಾಡಿದ ಹಾನಿಯನ್ನು ಕಣ್ಣಾರೆ ಕಂಡು, ರೋಗದ ಸ್ವರೂಪವನ್ನು ತಿಳಿಯುವುದೇ ಆ ಶಾಸ್ತ್ರ. ಅದರಿಂದ ವೈದ್ಯವಿದ್ಯೆಗೆ ಅಪಾರ ಲಾಭವಾಯಿತು. ದೂರದೂರದ ದೇಶಗಳಿಂದ ವಿದ್ಯಾರ್ಥಿಗಳು ವಿಯೆನ್ನಾಕ್ಕೆ ಬಂದರು. ಬೆಳಗ್ಗೆ ಶವಪರೀಕ್ಷೆಯ ಕೋಣೆಯಲ್ಲಿ ಕಲಿತು, ಅಲ್ಲಿಂದ ನೇರವಾಗಿ ಹೆರಿಗೆಯ ಕೋಣೆಗೆ ಬರುವುದು ವೈದ್ಯರಿಗೂ ವಿದ್ಯಾರ್ಥಿಗಳಿಗೂ ನಿತ್ಯದ ರೂಢಿಯಾಯಿತು. ಈ ಎರಡು ಕೋಣೆಗಳ ನಡುವೆ ಏನಾದರೂ ಸಂಬಂಧವಿದ್ದೀತೆಂಬ ಸಂಶಯ ಯಾರಿಗೂ ಬರಲಿಲ್ಲ.

ತಾಯಂದಿರನ್ನು ಕೊಲ್ಲುತ್ತಿದ್ದುದು ಬಾಣಂತಿ ನಂಜು. ಹೆತ್ತ ಒಂದೆರಡು ದಿನಗಳಲ್ಲಿ ಚಳಿ ಹುಟ್ಟಿ, ಜ್ವರವೇರಿ, ಹೊಟ್ಟೆಯುಬ್ಬಿ, ಸಹಿಸಲಾರದ ನೋವಿನಿಂದ ನರಳಿ ತಾಯಿಯು ಸಾಯುತ್ತಿದ್ದಳು. ಎಷ್ಟೋ ವೇಳೆ ಕೂಸೂ ಅವಳನ್ನು ಹಿಂಬಾಲಿಸುತ್ತಿತ್ತು.

ಹೆರಿಗೆಗೆ ಬರುವವರ ಸಂಖ್ಯೆ ಹೆಚ್ಚಿದಂತೆ ಆಸ್ಪತ್ರೆಯನ್ನು ಎರಡು ವಿಭಾಗಗಳನ್ನಾಗಿ ಮಾಡಲಾಗಿತ್ತು. ಮೊದಮೊದಲು ಎರಡರಲ್ಲಿಯೂ ವೈದ್ಯ ವಿದ್ಯಾರ್ಥಿಗಳೂ ಸೂಲಗಿತ್ತಿಯ ಕೆಲಸ ಕಲಿಯುವ ಹೆಂಗಸರೂ ಸಮನಾಗಿ ಹಂಚಿಹೋಗಿದ್ದರು. ಆಗ ಎರಡು ವಿಭಾಗಗಳ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. 1840ರ ಅಕ್ಟೋಬರ್ ತಿಂಗಳಿನಲ್ಲಿ ಸರ್ಕಾರವು ಒಂದು ಆಜ್ಞೆಯನ್ನು ಹೊರಡಿಸಿತು. ಅದರಂತೆ ವೈದ್ಯ ವಿದ್ಯಾರ್ಥಿಗಳೆಲ್ಲ ಮೊದಲನೆಯ ವಿಭಾಗಕ್ಕೂ ಸೂಲಗಿತ್ತಿಯರೆಲ್ಲ ಎರಡನೆಯ ವಿಭಾಗಕ್ಕೂ ಸೇರಿದರು. ಇದರ ಪರಿಣಾಮವು ಯಾರೂ ಎಣಿಸದಂಥದು. 1841ರಿಂದ 1846ರವರೆಗಿನ ಆರು ವರ್ಷಗಳಲ್ಲಿ ಮೊದಲನೆಯ ವಿಭಾಗದ 20,042 ಹೆರಿಗೆಗಳಲ್ಲಿ 1,989 ತಾಯಂದಿರು ಸತ್ತರು. ಎರಡನೆಯ ವಿಭಾಗದ 17,791 ಹೆರಿಗೆಗಳಲ್ಲಿ ಸತ್ತವರು 691. ವಿದ್ಯಾವಂತರ ಕೈಯಲ್ಲಿ ನೂರಕ್ಕೆ ಹತ್ತು ಮಂದಿ, ಸೂಲಗಿತ್ತಿಯರ ಕೈಯಲ್ಲಿ ನೂರಕ್ಕೆ ನಾಲ್ಕು ಮಂದಿಗೂ ಕಡಿಮೆ!

ಈ ಅಂಕೆಗಳು ವೈದ್ಯರ ದಾಖಲೆ ಪುಸ್ತಕಗಳಲ್ಲಿದ್ದವು. ಆದರೆ ಆ ಪುಸ್ತಕಗಳನ್ನು ನೋಡದ ಬಡ ಹೆಂಗಸರಿಗೂ ವಿಷಯ ಗೊತ್ತಿತ್ತು. ಎರಡು ವಿಭಾಗಗಳೂ ಸರದಿಯ ದಿನಗಳಲ್ಲಿ ಬಸುರಿಯರನ್ನು ಸೇರಿಸಿಕೊಳ್ಳುತ್ತಿದ್ದವು. ಮೊದಲನೆಯ ವಿಭಾಗದ ಸರದಿಯೆಂದು ತಿಳಿದ ಕೂಡಲೇ ಹೆಂಗಸರು ಮೊಣಕಾಲೂರಿ, ಕೈಮುಗಿದು, ತಮ್ಮನ್ನು ಅಲ್ಲಿಗೆ ಕಳುಹಿಸಬಾರದೆಂದು ಬೇಡಿಕೊಳ್ಳುತ್ತಿದ್ದರು. ಕೆಲವರು ಆಸ್ಪತ್ರೆಗೆ ಬರುವ ದಾರಿಯಲ್ಲಿಯೇ ಹೆತ್ತು, ಆಮೇಲೆ ಕೂಸಿನೊಡನೆ ಬಂದು ಸೇರುತ್ತಿದ್ದರು. ಆಶ್ಚರ್ಯವೆಂದರೆ, ಹಾಗೆ ಬೀದಿಯಲ್ಲಿ ಹೆತ್ತವರಿಗೆ ನಂಜು ತಗಲುವುದು ಬಲು ಅಪರೂಪವಾಗಿತ್ತು.

1846ರ ಜುಲೈ ತಿಂಗಳಿನಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಯುವಕ ವೈದ್ಯನು ಈ ಮೊದಲನೆಯ ವಿಭಾಗಕ್ಕೆ ಕ್ಲೈನನ ಸಹಾಯಕನಾಗಿ ನೇಮಕಗೊಂಡನು. ಅವನು 1818ರಲ್ಲಿ ಹಂಗೇರಿಯ ಬುಡಾ ಪಟ್ಟಣದಲ್ಲಿ ವರ್ತಕರ ಮನೆಯಲ್ಲಿ ಹುಟ್ಟಿದವನು. ದಿನವೂ ಕಣ್ಣೆದುರಿಗೆ ತಾಯಂದಿರು ಸಾಯುವುದನ್ನು ಕಂಡು ಅವನ ಮನಸ್ಸು ಕಲಕಿತು. ಉಳಿದವರು ಈ ಸಾವುಗಳನ್ನು ವಿಧಿಯೆಂಬಂತೆ ಸಹಿಸಿಕೊಂಡಿದ್ದರು. ಗಾಳಿಯಲ್ಲಿ, ಭೂಮಿಯಲ್ಲಿ, ಆಕಾಶದಲ್ಲಿ ಆಗುವ ಯಾವುದೋ ಬದಲಾವಣೆಯಿಂದ ನಂಜು ಹುಟ್ಟುತ್ತದೆಂಬುದು ಅಂದಿನ ಪಂಡಿತರ ಮತ. ಸೆಮ್ಮೆಲ್‌ವೈಸನು ಒಂದು ಸರಳವಾದ ಪ್ರಶ್ನೆಯನ್ನು ಕೇಳಿಕೊಂಡನು. ಎರಡು ವಿಭಾಗಗಳೂ ಒಂದಕ್ಕೊಂದು ಅಂಟಿಕೊಂಡಿವೆ. ಎರಡಕ್ಕೂ ಗಾಳಿ ಒಂದೇ, ಆಕಾಶ ಒಂದೇ. ಹಾಗಾದರೆ ನಂಜು ಮಾತ್ರ ಒಂದು ಬಾಗಿಲನ್ನು ಹೊಕ್ಕು ಮತ್ತೊಂದು ಬಾಗಿಲನ್ನು ಬಿಡುವುದೇಕೆ?

ಅವನು ಒಂದೊಂದೇ ಕಾರಣವನ್ನು ತೆಗೆದುಕೊಂಡು ಪರೀಕ್ಷಿಸಿದನು. ಜನಸಂದಣಿ ಕಾರಣವಿರಬಹುದೇ? ಇಲ್ಲ, ಹೆಂಗಸರು ಹೆದರಿ ಓಡಿಬರುತ್ತಿದ್ದುದರಿಂದ ಎರಡನೆಯ ವಿಭಾಗದಲ್ಲಿಯೇ ಹೆಚ್ಚು ಸಂದಣಿಯಿತ್ತು. ಹೆರುವಾಗ ಮಲಗುವ ರೀತಿ ಕಾರಣವಿರಬಹುದೇ? ಎರಡನೆಯ ವಿಭಾಗದಲ್ಲಿ ಹೆಂಗಸರು ಮಗ್ಗುಲಾಗಿ ಮಲಗುತ್ತಿದ್ದರು. ತನ್ನ ವಿಭಾಗದಲ್ಲಿಯೂ ಹಾಗೆಯೇ ಮಲಗಿಸಿ ನೋಡಿದನು. ಸಾವು ಕಡಿಮೆಯಾಗಲಿಲ್ಲ. ಸಾಯುತ್ತಿರುವವರಿಗೆ ಕೊನೆಯ ಸಂಸ್ಕಾರವನ್ನು ಮಾಡಲು ಬರುವ ಪಾದ್ರಿಯು ಮೊದಲನೆಯ ವಿಭಾಗದಲ್ಲಿ ಬಾಣಂತಿಯರ ಕೋಣೆಗಳನ್ನು ದಾಟಿಯೇ ಹೋಗಬೇಕಾಗಿತ್ತು. ಅವನ ಮುಂದೆ ಗಂಟೆ ಬಾರಿಸಿಕೊಂಡು ಒಬ್ಬನು ನಡೆಯುತ್ತಿದ್ದನು. ಆ ಗಂಟೆಯ ದನಿಯಿಂದ ಹುಟ್ಟುವ ಭೀತಿಯೇ ಕಾರಣವೆಂದು ಕೆಲವರು ಹೇಳಿದರು. ಗಂಟೆಯನ್ನು ನಿಲ್ಲಿಸಿ, ಪಾದ್ರಿಯನ್ನು ಬೇರೆ ದಾರಿಯಿಂದ ಕರೆತಂದುದಾಯಿತು. ಆಗಲೂ ಸಾವು ತಗ್ಗಲಿಲ್ಲ. ಸರ್ಕಾರದ ಸಮಿತಿಯೊಂದು ವಿದ್ಯಾರ್ಥಿಗಳು ಒರಟಾಗಿ ಪರೀಕ್ಷೆ ಮಾಡುವುದೇ ಕಾರಣವೆಂದು ತೀರ್ಮಾನಿಸಿ, ಅವರ ಸಂಖ್ಯೆಯನ್ನು 42ರಿಂದ 20ಕ್ಕೆ ಇಳಿಸಿತು. ಕೆಲವು ತಿಂಗಳು ಸಾವು ಕಡಿಮೆಯಾಗಿ ಮತ್ತೆ ಏರಿತು.

1847ರ ಮಾರ್ಚ್ ತಿಂಗಳಿನಲ್ಲಿ ಸೆಮ್ಮೆಲ್‌ವೈಸನು ಪ್ರವಾಸದಿಂದ ಹಿಂದಿರುಗಿದಾಗ ಒಂದು ದುಃಖದ ವಾರ್ತೆ ಕಾದಿತ್ತು. ಅವನ ಮಿತ್ರನೂ ಪ್ರಾಧ್ಯಾಪಕನೂ ಆಗಿದ್ದ ಕೊಲೆಚ್ಕಾ ಎಂಬವನು ತೀರಿಕೊಂಡಿದ್ದನು. ಶವಪರೀಕ್ಷೆಯನ್ನು ಕಲಿಸುತ್ತಿದ್ದಾಗ ವಿದ್ಯಾರ್ಥಿಯ ಚಾಕು ತಗಲಿ ಅವನ ಬೆರಳಿಗೆ ಗಾಯವಾಗಿತ್ತು; ಅದರಿಂದ ನಂಜೇರಿ ಅವನು ಸತ್ತಿದ್ದನು. ಅವನ ದೇಹವನ್ನು ಪರೀಕ್ಷಿಸಿ ಬರೆದಿಟ್ಟ ವರದಿಯನ್ನು ಓದುತ್ತ ಹೋದಂತೆ ಸೆಮ್ಮೆಲ್‌ವೈಸನು ಬೆಚ್ಚಿದನು. ಬಾಣಂತಿಯರ ದೇಹಗಳಲ್ಲಿ ತಾನು ನೂರಾರು ಸಲ ಕಂಡಿದ್ದ ಚಿಹ್ನೆಗಳೇ ಅಲ್ಲಿಯೂ ಇದ್ದವು. ಹೆರದವನಿಗೂ ಬಂದ ಈ ರೋಗ ಬಾಣಂತಿಯರ ರೋಗವೇ ಆಗಿದ್ದರೆ, ಎರಡಕ್ಕೂ ಮೂಲ ಒಂದೇ ಇರಬೇಕು. ಕೊಲೆಚ್ಕಾನ ದೇಹಕ್ಕೆ ಶವದ ವಿಷವನ್ನು ಸೇರಿಸಿದುದು ಚಾಕು. ಬಾಣಂತಿಯರ ದೇಹಕ್ಕೆ ಸೇರಿಸುತ್ತಿರುವುದು ಯಾವುದು? ಅದು ವೈದ್ಯರ ಕೈ.

ಎಲ್ಲ ಗಂಟುಗಳೂ ಒಮ್ಮೆಗೇ ಬಿಚ್ಚಿದವು. ಸೂಲಗಿತ್ತಿಯರು ಶವಗಳನ್ನು ಮುಟ್ಟುತ್ತಿರಲಿಲ್ಲ. ಆದುದರಿಂದ ಅವರ ವಿಭಾಗದಲ್ಲಿ ಸಾವು ಕಡಿಮೆ. ದಾರಿಯಲ್ಲಿ ಹೆತ್ತವರನ್ನು ವೈದ್ಯರ ಕೈ ಪರೀಕ್ಷಿಸುತ್ತಿರಲಿಲ್ಲ. ಆದುದರಿಂದ ಅವರು ಬದುಕುತ್ತಿದ್ದರು. ಬೋಯರನ ಕಾಲದಲ್ಲಿ ಸಾವು ಕಡಿಮೆಯಿದ್ದುದಕ್ಕೂ ಇದೇ ಕಾರಣ. ಈ ತಿಳಿವಳಿಕೆಯೊಡನೆ ಮತ್ತೊಂದು ಕಹಿಯಾದ ಸತ್ಯವೂ ಅವನಿಗೆ ಹೊಳೆಯಿತು. ರೋಗದ ಮೂಲವನ್ನು ಹುಡುಕಬೇಕೆಂಬ ಹಂಬಲದಿಂದ ಅವನು ಬೇರೆಲ್ಲರಿಗಿಂತ ಹೆಚ್ಚು ಶವಪರೀಕ್ಷೆಗಳನ್ನು ಮಾಡಿದ್ದನು. ಅವನು ಪ್ರವಾಸದಿಂದ ಬಂದು ಕೆಲಸವನ್ನು ಮತ್ತೆ ಆರಂಭಿಸಿದ ಮೇಲೆ, ಏಪ್ರಿಲ್ ತಿಂಗಳೊಂದರಲ್ಲಿಯೇ 312 ಹೆರಿಗೆಗಳಲ್ಲಿ 57 ತಾಯಂದಿರು ಸತ್ತರು. ಉಳಿಸಬೇಕೆಂದು ಹೊರಟವನ ಕೈಯೇ ಕೊಂದಿತ್ತು. ಈ ಸತ್ಯವನ್ನು ಅವನು ಯಾರಿಂದಲೂ ಮರೆಮಾಡಲಿಲ್ಲ; ತನ್ನ ಗ್ರಂಥದಲ್ಲಿ ಅದನ್ನು ತಾನೇ ಬರೆದನು.

ಅಂದಿನ ವೈದ್ಯರು ಕೈಯನ್ನು ತೊಳೆಯುತ್ತಿರಲಿಲ್ಲವೆಂದಲ್ಲ, ಸಾಬೂನಿನಿಂದ ತೊಳೆಯುತ್ತಿದ್ದರು. ಆದರೆ ಹಾಗೆ ತೊಳೆದ ಮೇಲೂ ಕೈಯಲ್ಲಿ ಶವದ ವಾಸನೆ ಉಳಿಯುತ್ತಿತ್ತು. ವಾಸನೆ ಉಳಿದಿದೆಯೆಂದರೆ ಕೊಳೆಯ ಕಣಗಳೂ ಉಳಿದಿವೆಯೆಂದು ಸೆಮ್ಮೆಲ್‌ವೈಸನು ತರ್ಕಿಸಿದನು. ಆ ವಾಸನೆಯನ್ನು ಹೋಗಲಾಡಿಸುವ ವಸ್ತು ಕ್ಲೋರಿನ್. ಆದುದರಿಂದ ಅವನು 1847ರ ಮೇ ತಿಂಗಳಿನಲ್ಲಿ ವಿಭಾಗದ ಬಾಗಿಲ ಬಳಿ ಕ್ಲೋರಿನ್ ದ್ರಾವಣದ ಬೋಗುಣಿಯನ್ನು ಇಡಿಸಿದನು. ಕೆಲಕಾಲದ ಅನಂತರ, ಬೆಲೆ ಕಡಿಮೆಯೆಂದು, ಇಂದು ನಾವು ಬ್ಲೀಚಿಂಗ್ ಪುಡಿಯೆಂದು ಕರೆಯುವ ಕ್ಲೋರಿನ್ ಸುಣ್ಣವನ್ನು ಬಳಸತೊಡಗಿದನು. ಅದರಲ್ಲಿ ಕೈ ತೊಳೆಯದೆ ವೈದ್ಯನಾಗಲಿ ವಿದ್ಯಾರ್ಥಿಯಾಗಲಿ ಯಾವ ಹೆಂಗಸನ್ನೂ ಮುಟ್ಟಕೂಡದೆಂಬ ನಿಯಮ ಜಾರಿಗೆ ಬಂದಿತು.

ಏಪ್ರಿಲ್ ತಿಂಗಳಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ತಿಂಗಳಿನಲ್ಲಿ ನೂರಕ್ಕೆ ಎರಡಕ್ಕೂ ಸ್ವಲ್ಪ ಹೆಚ್ಚಿಗೆ ಇಳಿಯಿತು. ಜುಲೈ ತಿಂಗಳಿನಲ್ಲಿ 250 ಹೆರಿಗೆಗಳಲ್ಲಿ ಮೂವರು ಮಾತ್ರ ಸತ್ತರು. ಆದರೆ ಅಕ್ಟೋಬರ್ ತಿಂಗಳಿನಲ್ಲಿ ಒಂದು ಆಘಾತ ಕಾದಿತ್ತು. ಕೋಣೆಯ ಮೊದಲ ಮಂಚದಲ್ಲಿದ್ದ ಹೆಂಗಸಿಗೆ ಗರ್ಭಕೋಶದ ಕ್ಯಾನ್ಸರ್ ರೋಗವಿತ್ತು. ಅದರಿಂದ ಕೀವು ಒಸರುತ್ತಿತ್ತು. ವೈದ್ಯರು ಅವಳನ್ನು ಮೊದಲು ಪರೀಕ್ಷಿಸಿ, ಮತ್ತೆ ಕ್ಲೋರಿನ್ನಿನಲ್ಲಿ ಕೈ ತೊಳೆಯದೆ ಮುಂದಿನವರನ್ನು ಪರೀಕ್ಷಿಸಿದರು. ಆಗ ಹೆತ್ತ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ನಂಜಿನ ಮೂಲ ಶವಗಳು ಮಾತ್ರವಲ್ಲ, ಬದುಕಿರುವ ದೇಹದಲ್ಲಿ ಕೊಳೆಯುವ ಹುಣ್ಣೂ ಅಷ್ಟೇ ಅಪಾಯಕರ ಎಂಬ ಪಾಠವನ್ನು ಸೆಮ್ಮೆಲ್‌ವೈಸನು ಕಲಿತನು. ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಯ ಬಳಿಗೆ ಹೋಗುವಾಗಲೆಲ್ಲ ಕೈ ತೊಳೆಯಬೇಕೆಂದು ನಿಯಮವನ್ನು ಬಿಗಿಗೊಳಿಸಿದನು.

1846ರಲ್ಲಿ ಮೊದಲನೆಯ ವಿಭಾಗದ 4,010 ಹೆರಿಗೆಗಳಲ್ಲಿ 459 ತಾಯಂದಿರು ಸತ್ತಿದ್ದರು. 1848ರಲ್ಲಿ 3,556 ಹೆರಿಗೆಗಳಲ್ಲಿ ಸತ್ತವರು 45. ಆ ವರ್ಷದ ಮಾರ್ಚ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ. ಹಿಂದಿನ ಪ್ರಮಾಣದಲ್ಲಿಯೇ ಸಾವು ನಡೆದಿದ್ದರೆ ಆ ಒಂದು ವರ್ಷದಲ್ಲಿ ಸುಮಾರು 400 ಮಂದಿ ಸಾಯಬೇಕಾಗಿತ್ತು. ಹೊಸ ಕಟ್ಟಡವನ್ನು ಕಟ್ಟದೆ, ಹೊಸ ಔಷಧವನ್ನು ತರಿಸದೆ, ಬೋಗುಣಿಯೊಂದನ್ನು ಬಾಗಿಲಲ್ಲಿಟ್ಟು ಆಸ್ಪತ್ರೆಯು ತನ್ನ ಹಳೆಯ ಒಳ್ಳೆಯ ಹೆಸರಿಗೆ ಮರಳಿತು.

ಇಂಥ ಸಾಧನೆಯನ್ನು ಎಲ್ಲರೂ ಸಂತೋಷದಿಂದ ಸ್ವಾಗತಿಸಬೇಕಾಗಿತ್ತು. ಹೆಬ್ರಾ, ಸ್ಕೋಡಾ ಮುಂತಾದ ಕೆಲವು ವೈದ್ಯರು ಸ್ವಾಗತಿಸಿದರೂ ಹಲವರು ಒಪ್ಪಲಿಲ್ಲ. ಅದಕ್ಕೆ ಕಾರಣಗಳಿದ್ದವು. ಕಣ್ಣಿಗೆ ಕಾಣದ ರೋಗಾಣುಗಳ ವಿಷಯ ಆಗ ಯಾರಿಗೂ ತಿಳಿದಿರಲಿಲ್ಲ. ಆದುದರಿಂದ ಕೈಗಂಟಿದ ಅಷ್ಟು ಅಲ್ಪವಾದ ವಸ್ತು ಪ್ರಾಣವನ್ನು ತೆಗೆಯುತ್ತದೆಂಬುದು ನಂಬಲಾಗದ ಮಾತೆನಿಸಿತು. ಅದಕ್ಕಿಂತ ಮುಖ್ಯವಾಗಿ, ಈ ಮಾತನ್ನು ಒಪ್ಪಿದರೆ ತಮ್ಮ ಕೈಯಿಂದಲೇ ಸಾವಿರಾರು ತಾಯಂದಿರು ಸತ್ತರೆಂಬುದನ್ನೂ ಒಪ್ಪಬೇಕಾಗಿತ್ತು. ಜೀವವನ್ನು ಉಳಿಸುವುದೇ ತಮ್ಮ ಧರ್ಮವೆಂದು ಬಾಳಿದವರಿಗೆ ಇದು ನುಂಗಲಾರದ ತುತ್ತಾಯಿತು. ದಾಖಲೆಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಬೇಕೆಂಬ ಸಲಹೆಯು ಕ್ಲೈನನ ವಿರೋಧದಿಂದ ನಿಂತುಹೋಯಿತು. ಸೆಮ್ಮೆಲ್‌ವೈಸನದೂ ತಪ್ಪಿಲ್ಲದೆ ಇರಲಿಲ್ಲ. ಅವನು ತನ್ನ ಶೋಧನೆಯನ್ನು ಬಹುಕಾಲ ಬರೆದು ಪ್ರಕಟಿಸಲಿಲ್ಲ. ಮುಂದೆ ಬರೆದಾಗ, ವಿರೋಧಿಗಳನ್ನು ಕೊಲೆಗಾರರೆಂದು ಜರೆದು, ಒಲಿಯಬಹುದಾಗಿದ್ದವರನ್ನೂ ದೂರಮಾಡಿಕೊಂಡನು.

1849ರ ಮಾರ್ಚ್ ತಿಂಗಳಿನಲ್ಲಿ ಅವನ ಅವಧಿ ಮುಗಿಯಿತು, ಅದನ್ನು ಮುಂದುವರಿಸಲಿಲ್ಲ. ಮರುವರ್ಷ ಅವನು ವಿಯೆನ್ನಾವನ್ನು ಬಿಟ್ಟು ಹಂಗೇರಿಯ ಪೆಸ್ಟ್ ನಗರಕ್ಕೆ ಹೋದನು. ಅಲ್ಲಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಆರು ವರ್ಷ ಸೇವೆ ಮಾಡಿದಾಗ 933 ಹೆರಿಗೆಗಳಲ್ಲಿ ನಂಜಿನಿಂದ ಸತ್ತವರು ಕೇವಲ ಎಂಟು ಮಂದಿ. ಅತ್ತ ವಿಯೆನ್ನಾದಲ್ಲಿ ಅವನ ನಿಯಮಕ್ಕೆ ಇದ್ದ ಬಿಗಿ ಸಡಿಲವಾಯಿತು. ಅವನ ಅನಂತರ ಬಂದ ಸಹಾಯಕನು ಬಾಣಂತಿ ನಂಜಿಗೆ ಮೂವತ್ತು ಕಾರಣಗಳನ್ನು ಪಟ್ಟಿಮಾಡಿ, ಶವದ ಸೋಂಕನ್ನು ಪಟ್ಟಿಯ ಕೊನೆಯ ಕಡೆಗೆ ತಳ್ಳಿದನು. 1854ರಲ್ಲಿ ಮೊದಲನೆಯ ವಿಭಾಗದಲ್ಲಿ ಸತ್ತವರ ಸಂಖ್ಯೆ ಮತ್ತೆ ನೂರಕ್ಕೆ ಒಂಬತ್ತಕ್ಕೆ ಏರಿತು. ಒಮ್ಮೆ ಚೇತರಿಸಿಕೊಂಡ ಆಸ್ಪತ್ರೆಯು ಎಚ್ಚರ ತಪ್ಪಿದೊಡನೆ ಹಿಂದಿನ ಸ್ಥಿತಿಗೆ ಜಾರಿತು.

ಸೆಮ್ಮೆಲ್‌ವೈಸನ ಕೊನೆಯ ದಿನಗಳು ದುಃಖದಲ್ಲಿ ಕಳೆದವು. ಅವನ ಬುದ್ಧಿ ಕದಡಿತು. ಮಾನಸಿಕ ರೋಗಿಗಳ ಆಸ್ಪತ್ರೆಗೆ ಅವನನ್ನು ಸೇರಿಸಲಾಯಿತು. ಯಾವ ನಂಜಿನೊಡನೆ ಅವನು ಜೀವಮಾನವೆಲ್ಲ ಹೋರಾಡಿದನೋ ಅದೇ ಬಗೆಯ ನಂಜು ಗಾಯದಿಂದ ರಕ್ತಕ್ಕೇರಿ, 1865ರ ಆಗಸ್ಟ್ 13ರಂದು, ತನ್ನ 47ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಎರಡು ವರ್ಷಗಳ ಬಳಿಕ, 1867ರಲ್ಲಿ, ಜೋಸೆಫ್ ಲಿಸ್ಟರನು ಗಾಯಗಳನ್ನು ಕಾರ್ಬಾಲಿಕ್ ಆಮ್ಲದಿಂದ ರಕ್ಷಿಸುವ ವಿಧಾನವನ್ನು ಪ್ರಕಟಿಸಿದನು. 1879ರಲ್ಲಿ ಲೂಯಿ ಪಾಶ್ಚರನು ಬಾಣಂತಿ ನಂಜನ್ನು ತರುವ, ಸರಪಣಿಯಂತೆ ಜೋಡಿಸಿಕೊಂಡಿರುವ ರೋಗಾಣುವನ್ನು ತೋರಿಸಿಕೊಟ್ಟನು. ಆಗ ಜಗತ್ತು ಸೆಮ್ಮೆಲ್‌ವೈಸನನ್ನು ನೆನೆಯಿತು. 1969ರಲ್ಲಿ ಬುಡಾಪೆಸ್ಟಿನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಅವನ ಹೆಸರನ್ನಿಟ್ಟರು.

ರೋಗಾಣುಗಳನ್ನು ಕೊಲ್ಲುವ ಪ್ರಬಲವಾದ ಔಷಧಗಳು ಬಂದಿರುವ ಈ ಕಾಲದಲ್ಲಿಯೂ ಕೈಯ ಶುಚಿತ್ವದ ಪಾಠ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2009ರಿಂದ ಪ್ರತಿವರ್ಷ ಮೇ 5ರಂದು ಆಸ್ಪತ್ರೆಗಳಿಗೆ ಇದೇ ಮಾತನ್ನು ನೆನಪಿಸುತ್ತ ಬಂದಿದೆ. ಆದರೆ ವಿಯೆನ್ನಾದ ಹೆರಿಗೆ ಆಸ್ಪತ್ರೆಯ ಇತಿಹಾಸದಲ್ಲಿ ಇದಕ್ಕಿಂತ ಆಳವಾದ ಪಾಠವೊಂದಿದೆ. ಅಲ್ಲಿ ಸಾವಿನ ಲೆಕ್ಕವನ್ನು ಯಾರೂ ಬಚ್ಚಿಟ್ಟಿರಲಿಲ್ಲ. ವರ್ಷವರ್ಷವೂ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಬೀದಿಯ ಹೆಂಗಸರಿಗೂ ಅದು ಗೊತ್ತಿತ್ತು. ಆ ಲೆಕ್ಕವನ್ನು ಮುಂದಿಟ್ಟುಕೊಂಡು, 'ಇದರಲ್ಲಿ ನನ್ನ ಪಾಲೆಷ್ಟು?' ಎಂದು ಕೇಳುವವನು ಬರುವವರೆಗೆ ಇಪ್ಪತ್ತನಾಲ್ಕು ವರ್ಷಗಳು ಕಳೆದವು. ಕೇಳಿದವನು ಇರುವಷ್ಟು ದಿನ ತಾಯಂದಿರು ಬದುಕಿದರು. ಅವನು ಹೋದ ಮೇಲೆ ಬೋಗುಣಿಯೇನೋ ಉಳಿಯಿತು, ಪ್ರಶ್ನೆ ಉಳಿಯಲಿಲ್ಲ. ಸಾವು ಮರಳಿ ಬಂದಿತು. ಆಸ್ಪತ್ರೆಗೆ ಮಾತ್ರವಲ್ಲ, ಜನರ ನಂಬಿಕೆಯನ್ನು ಹೊತ್ತಿರುವ ಯಾವ ಸಂಸ್ಥೆಗೇ ಆಗಲಿ, ತನ್ನ ಕೈಯನ್ನು ತಾನೇ ನೋಡಿಕೊಳ್ಳುವ ಧೈರ್ಯವು ದಿನದಿನವೂ ಬೇಕು.

ಅಭ್ಯಾಸ

1. ಬೋಯರನ ಕಾಲದ ಮತ್ತು ಕ್ಲೈನನ ಕಾಲದ ಬೋಧನಾ ಕ್ರಮಗಳಲ್ಲಿದ್ದ ವ್ಯತ್ಯಾಸವೇನು? ಅದರ ಪರಿಣಾಮವೇನಾಯಿತು?
2. ಬಡ ಹೆಂಗಸರು ಮೊದಲನೆಯ ವಿಭಾಗಕ್ಕೆ ಹೆದರುತ್ತಿದ್ದುದೇಕೆ?
3. ಸೆಮ್ಮೆಲ್‌ವೈಸನು ಪರೀಕ್ಷಿಸಿ ಬಿಟ್ಟ ಕಾರಣಗಳನ್ನು ಕ್ರಮವಾಗಿ ಬರೆಯಿರಿ.
4. 1846 ಮತ್ತು 1848ನೆಯ ವರ್ಷಗಳ ಅಂಕೆಗಳಿಂದ ಸಾವಿನ ಶೇಕಡಾ ಪ್ರಮಾಣವನ್ನು ಲೆಕ್ಕಹಾಕಿ ಹೋಲಿಸಿರಿ.
5. 'ನುಂಗಲಾರದ ತುತ್ತು' ಎಂಬ ಮಾತನ್ನು ಈ ಪಾಠದಲ್ಲಿ ಯಾವ ಸಂದರ್ಭದಲ್ಲಿ ಬಳಸಿದೆ? ವಿವರಿಸಿರಿ.